ಹಿಮದ ಹಾದಿಯಲ್ಲಿ ಕೊನೆಯ ಸರದಿ

ಪ್ರಶ್ನೆ: ಪ್ರೌಢಶಾಲೆಯಲ್ಲಿ ಓದುತ್ತಿರುವ ನನ್ನ ಮಗಳು ತಾಲ್ಲೂಕು ಕ್ರೀಡಾಕೂಟದ ರಿಲೇಯಲ್ಲಿ ಕೊನೆಯವಳಾಗಿ ಓಡಿದಳು. ಬೇಟನ್ ಕೈಗೆ ಬರುವಾಗಲೇ ತಂಡ ಹಿಂದೆ ಬಿದ್ದಿತ್ತು. ಎರಡನೆಯ ಸ್ಥಾನ ಬಂತೆಂದು ಅತ್ತಳು. ಆಗ ಪಿ.ಟಿ. ಮೇಷ್ಟ್ರು ಸ್ವೀಡನ್ನಿನ ಸ್ಕೀ ಆಟಗಾರ್ತಿ ಶಾರ್ಲೊಟ್ ಕಲ್ಲಾ ಅವರ ಹೆಸರು ಹೇಳಿ ಸಮಾಧಾನ ಮಾಡಿದರಂತೆ. ಹಿಮವನ್ನೇ ಕಾಣದ ನಮಗೆ ಅವರ ಸಾಧನೆಯನ್ನು ತಿಳಿಸುವಿರಾ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಮ್ಮ ಮಕ್ಕಳು ಅಡಿಕೆ ಹಾಳೆಯ ಮೇಲೆ ಕುಳಿತು ದರೆಯಿಂದ ಕೆಳಕ್ಕೆ ಜಾರುವುದನ್ನು ನೀವು ನೋಡಿದ್ದೀರಿ. ಕಲ್ಲಾ ಅವರ ಆಟವಾದ ಕ್ರಾಸ್-ಕಂಟ್ರಿ ಸ್ಕೀಯಿಂಗ್‌ನಲ್ಲಿ ಇಳಿಜಾರಿನಷ್ಟೇ ಏರೂ ಇರುತ್ತದೆ. ಕಾಲಿಗೆ ಕಟ್ಟಿದ ಉದ್ದನೆಯ ಪಟ್ಟಿಗಳ ಮೇಲೆ, ಎರಡು ಕೈಗಳಲ್ಲೂ ಕೋಲು ಊರುತ್ತಾ, ಕಿಲೋಮೀಟರುಗಟ್ಟಲೆ ಗುಡ್ಡ ಹತ್ತಿಳಿಯಬೇಕು. ಎರಡೂ ಪಟ್ಟಿಗಳನ್ನು ಸಮಾನಾಂತರವಾಗಿಟ್ಟು ಸಾಗುವ ‘ಶಾಸ್ತ್ರೀಯ’ ಶೈಲಿಯಲ್ಲಿ ಪಟ್ಟಿಯ ನಡುಭಾಗ ಬಿಲ್ಲಿನಂತೆ ತುಸು ಮೇಲೆದ್ದಿರುತ್ತದೆ. ಮೈಭಾರ ಹಾಕಿ ಒದ್ದಾಗ ಆ ಭಾಗಕ್ಕೆ ಸವರಿದ ಮೇಣ ಹಿಮವನ್ನು ಹಿಡಿಯುತ್ತದೆ, ಭಾರ ತೆಗೆದರೆ ಪಟ್ಟಿ ಮುಂದಕ್ಕೆ ಜಾರುತ್ತದೆ.

ಸ್ವೀಡನ್ನಿನ ಉತ್ತರ ತುದಿಯ ತಾರೆಂಡೊ ಎಂಬ ಹಳ್ಳಿಯ ಕಲ್ಲಾ ಹುಟ್ಟಿದ್ದು 1987ರಲ್ಲಿ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನ 10 ಕಿ.ಮೀ. ಸ್ಪರ್ಧೆಯಲ್ಲಿ ಅವರು ಚಿನ್ನ ಗೆದ್ದರು. ಈ ಆಟದ ವೈಯಕ್ತಿಕ ವಿಭಾಗದಲ್ಲಿ ಸ್ವೀಡನ್ನಿನ ಮಹಿಳೆಯೊಬ್ಬರಿಗೆ ಒಲಿಂಪಿಕ್ಸ್ ಚಿನ್ನ ದೊರೆತದ್ದು, 1968ರಲ್ಲಿ ತೊಯಿನಿ ಗುಸ್ತಾಫ್ಸನ್ ಗೆದ್ದ ಮೇಲೆ, ಅದೇ ಮೊದಲು.

ಆದರೆ ನಿಮ್ಮ ಮಗಳಿಗೆ ಹೇಳಬೇಕಾದದ್ದು 2014ರ ಸೋಚಿ ಒಲಿಂಪಿಕ್ಸ್‌ನ ರಿಲೇ. ತಲಾ 5 ಕಿ.ಮೀ.ಯಂತೆ ನಾಲ್ವರ ಸರದಿ. ಇಲ್ಲಿ ಬೇಟನ್ ಇರುವುದಿಲ್ಲ. ಬಂದವರು ಹೊರಡುವವರ ಮೈಯನ್ನು ಕೈಯಿಂದ ಮುಟ್ಟಿದರೆ ಸಾಕು. ಇಡಾ ಇಂಗೆಮಾರ್ಸ್‌ದೊತ್ತರ್, ಎಮ್ಮಾ ವಿಕೆನ್, ಅನ್ನಾ ಹಾಗ್ ಮುಗಿಸಿದ ಮೇಲೆ ಕಲ್ಲಾ ಹೊರಟಾಗ, ಮುಂದಿದ್ದ ಫಿನ್ಲೆಂಡ್‌ಗೂ ಅವರಿಗೂ ಸುಮಾರು 25 ಸೆಕೆಂಡುಗಳ ಅಂತರವಿತ್ತು, ನಡುವೆ ಜರ್ಮನಿಯೂ ಇತ್ತು. ಅವರು ಗಾಬರಿಗೊಳ್ಳದೆ ಅಂತರವನ್ನು ಸ್ವಲ್ಪಸ್ವಲ್ಪವಾಗಿ ಕರಗಿಸುತ್ತಾ ಬಂದು, ಕೊನೆಯ ನೇರ ಹಾದಿಯಲ್ಲಿ ಇಬ್ಬರನ್ನೂ ಹಿಂದಿಕ್ಕಿದರು. ಫಿನ್ಲೆಂಡ್ ಸೋತದ್ದು ಅರ್ಧ ಸೆಕೆಂಡಿನಿಂದ! ಮಹಿಳೆಯರ ರಿಲೇಯಲ್ಲಿ ಸ್ವೀಡನ್‌ಗೆ 1960ರ ನಂತರ ದಕ್ಕಿದ ಮೊದಲ ಒಲಿಂಪಿಕ್ಸ್ ಚಿನ್ನವದು. ನನ್ನ ಮಟ್ಟಿಗೆ ಅವರ ವೃತ್ತಿಜೀವನದ ಶಿಖರವೂ ಅದೇ.

ಆ ಓಟಕ್ಕೆ ಮೊದಲು ಅದೇ ಸೋಚಿಯಲ್ಲಿ ಅವರು ಎರಡು ಬಾರಿ ಎರಡನೆಯವರಾಗಿದ್ದರು ಎಂಬುದನ್ನೂ ಮಗಳಿಗೆ ತಪ್ಪದೆ ಹೇಳಿ. 2018ರ ಪ್ಯೊಂಗ್‌ಚಾಂಗ್ ಕೂಟದ ಮೊಟ್ಟಮೊದಲ ಚಿನ್ನವನ್ನೂ ಗೆದ್ದ ಅವರ ಒಟ್ಟು ಒಂಬತ್ತು ಒಲಿಂಪಿಕ್ಸ್ ಪದಕಗಳಲ್ಲಿ ಮೂರು ಚಿನ್ನ, ಉಳಿದ ಆರೂ ಬೆಳ್ಳಿ.

ಕಲ್ಲಾ 2022ರಲ್ಲಿ ನಿವೃತ್ತರಾದರು. ಅವರು ಬಿಟ್ಟುಹೋದದ್ದೇನು ಎಂದರೆ ನಾನು 2019ರ ಸೀಫೆಲ್ಡ್ ವಿಶ್ವ ಚಾಂಪಿಯನ್‌ಷಿಪ್ ರಿಲೇಯನ್ನು ತೋರಿಸುತ್ತೇನೆ. ಎಬ್ಬಾ ಆಂಡರ್ಸನ್, ಫ್ರೀಡಾ ಕಾರ್ಲ್‌ಸನ್ ಎಂಬ ಎಳೆಯರು ಮೊದಲೆರಡು ಸರದಿ ಮುಗಿಸಿದ ಮೇಲೆ ಕಲ್ಲಾ ಮೂರನೆಯವರಾಗಿ ಓಡಿ, ಕೊನೆಯ ಸರದಿಯನ್ನು ತಮಗಿಂತ ಕಿರಿಯರಾದ ಸ್ತೀನಾ ನಿಲ್ಸನ್ ಅವರಿಗೆ ಒಪ್ಪಿಸಿದರು. ಆ ದಿನವೂ ಚಿನ್ನ ಸ್ವೀಡನ್ನಿನದೇ ಆಯಿತು.