ಇನ್‌ಲೈನ್ ಹಾಕಿದ ಕೂಡಲೇ ‘ಅನ್‌ಡಿಫೈನ್ಡ್ ರೆಫರೆನ್ಸ್’: ಪ್ರತಿಕ್ರಿಯೆ

ನಿಮ್ಮ ಸಿ ಪ್ರೋಗ್ರಾಂನಲ್ಲಿ ಒಂದು ಫಂಕ್ಷನ್‌ಗೆ ಇನ್‌ಲೈನ್ (ಬಾಡಿಯನ್ನು, ಅಂದರೆ ಒಳಗಿನ ಕೋಡನ್ನು, ಕರೆದ ಜಾಗದಲ್ಲೇ ಅಂಟಿಸು ಎಂಬ ಸೂಚನೆ) ಹಾಕಿದ ಕೂಡಲೇ ‘ಅನ್‌ಡಿಫೈನ್ಡ್ ರೆಫರೆನ್ಸ್’ (ಕರೆದ ಫಂಕ್ಷನ್ ಸಿಗಲಿಲ್ಲ) ಎಂಬ ಎರರ್ ಏಕೆ ಬರುತ್ತದೆ ಎಂದು ಕೇಳಿದ್ದೀರಿ. ಬಹುತೇಕ ಕಾರಣ ಇದು: ಇನ್‌ಲೈನ್ ಹಾಕಿದ್ದೀರಿ, ಅದರ ಹಿಂದೆ ಸ್ಟ್ಯಾಟಿಕ್ (ಫಂಕ್ಷನ್ ಆಯಾ ಫೈಲ್‌ಗೆ ಮಾತ್ರ ಸೀಮಿತ ಎಂಬ ಪದ) ಹಾಕಿಲ್ಲ. ಮಾಮೂಲಿ ಫಂಕ್ಷನ್ ಆಗಿದ್ದಾಗ ಸರಿಯಿದ್ದದ್ದು ಈಗ ಲಿಂಕ್ ಆಗುತ್ತಿಲ್ಲ, ಓ2 (ಕೋಡನ್ನು ವೇಗಗೊಳಿಸುವ ಆಪ್ಟಿಮೈಸೇಶನ್ ಆಯ್ಕೆ) ಕೊಟ್ಟರೆ ಮಾತ್ರ ಎರರ್ ಮಾಯ ಅಂದಿರಲ್ಲ, ಅದೇ ಸುಳಿವು.

ಸಿ99 (ಸಿ ಭಾಷೆಯ 1999ರ ಪ್ರಮಾಣ) ನಿಯಮದಲ್ಲಿ ಬರೀ ಇನ್‌ಲೈನ್ ಎಂದು ಬರೆದ ಬಾಡಿಯಿಂದ ಲಿಂಕರ್‌ಗೆ (ಕಂಪೈಲ್ ಆದ ಆಬ್ಜೆಕ್ಟ್ ಫೈಲ್‌ಗಳನ್ನು ಜೋಡಿಸುವ ಪ್ರೋಗ್ರಾಂಗೆ) ಕಾಣುವ ಫಂಕ್ಷನ್ ಹುಟ್ಟುವುದಿಲ್ಲ. ಕಂಪೈಲರ್ ಮನಸ್ಸು ಮಾಡಿದರೆ ಬಾಡಿಯನ್ನು ಕರೆದ ಜಾಗದಲ್ಲೇ ಅಂಟಿಸುತ್ತದೆ. ಇಲ್ಲದಿದ್ದರೆ ‘ಅಸಲಿ ಫಂಕ್ಷನ್ ಬೇರೆ ಕಡೆ ಇದೆ’ ಎಂದು ನಂಬಿ ಸುಮ್ನೆ ಒಂದು ಕಾಲ್ (ಆ ಫಂಕ್ಷನ್‌ಗೆ ಕರೆ) ಬರೆದಿಡುತ್ತದೆ. ಆಪ್ಟಿಮೈಸೇಶನ್ ಇಲ್ಲದಾಗ ಜಿಸಿಸಿ ಕಂಪೈಲರ್ ಅಂಟಿಸುವ ಗೋಜಿಗೇ ಹೋಗುವುದಿಲ್ಲ. ಲಿಂಕರ್ ಹುಡುಕುತ್ತದೆ, ಏನೂ ಸಿಗುವುದಿಲ್ಲ.

ಮೊದಲು ಅದನ್ನು ‘ಸ್ಟ್ಯಾಟಿಕ್ ಇನ್‌ಲೈನ್’ ಮಾಡಿ, ಬಾಡಿ ಸಮೇತ (ಹಲವು ಸಿ ಫೈಲ್‌ಗಳು ಸೇರಿಸಿಕೊಳ್ಳುವ) ಹೆಡರ್ ಫೈಲ್‌ಗೆ ಹಾಕಿ. ಆಮೇಲೆ ಹಳೆಯ ಆಬ್ಜೆಕ್ಟ್ ಫೈಲ್‌ಗಳನ್ನು ಅಳಿಸಿ ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಿ. ‘ನಾನ್-ಸ್ಟ್ಯಾಟಿಕ್ ಆದಮೇಲೆ ಸ್ಟ್ಯಾಟಿಕ್ ಬಂದಿದೆ’ ಎಂಬ ತಕರಾರು ಬಂದರೆ ಎಲ್ಲೋ ಹಳೆಯ ಪ್ರೋಟೋಟೈಪ್ (ಬಾಡಿ ಇಲ್ಲದ ಘೋಷಣೆ) ಉಳಿದಿದೆ, ತೆಗೆಯಿರಿ.

ಇಡೀ ಪ್ರೋಗ್ರಾಂಗೆ ಒಂದೇ ಪ್ರತಿ ಸಾಕು ಅಂದರೆ, ಹೆಡರ್‌ನಲ್ಲಿ ಬರೀ ಇನ್‌ಲೈನ್ ಆಗಿಯೇ ಬಿಡಿ. ಒಂದೇ ಒಂದು ಸಿ ಫೈಲ್‌ನಲ್ಲಿ ಆ ಹೆಡರ್ ಸೇರಿಸಿ, ‘ಎಕ್ಸ್‌ಟರ್ನ್ ಇನ್‌ಲೈನ್’ ಜೊತೆ ಅದೇ ಪ್ರೋಟೋಟೈಪ್ ಬರೆಯಿರಿ. ನೀವು ಪ್ರಶ್ನೆಯಲ್ಲಿ ಕಂಪೈಲ್ ಕಮಾಂಡ್ ಹಾಕಿಲ್ಲ, ಹಾಗಾಗಿ ಯಾವ ನಿಯಮದಲ್ಲಿ ಕಂಪೈಲ್ ಆಗುತ್ತಿದೆ ಎಂದು ನನಗೆ ಗೊತ್ತಿಲ್ಲ. ಜಿಸಿಸಿ 5ಕ್ಕಿಂತ ಹಳೆಯದಾದರೆ ಅದರ ಡಿಫಾಲ್ಟ್ ನಿಯಮ ಉಲ್ಟಾ, ಈ ದಾರಿ ಹಿಡಿಯಬೇಡಿ.

ವೇಗದ ಆಸೆಗೆ ಹಾಕಿದ್ದರೆ, ಇನ್‌ಲೈನ್ ಬರೀ ಒಂದು ಕೋರಿಕೆ ಅಷ್ಟೇ. ಲೂಪ್ ಇರುವ ನಿಮ್ಮ 40 ಸಾಲಿನ ಫಂಕ್ಷನ್‌ನಲ್ಲಿ ಕಾಲ್‌ನ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ನಾನಾಗಿದ್ದರೆ ಅದನ್ನು ಮಾಮೂಲಿಯಾಗೇ ಬಿಡುತ್ತಿದ್ದೆ.