ಕುವೈತ್‌ನಿಂದ ಕೆನಡಾದವರೆಗಿನ ಕಥೆ: ರೆಕಾರ್ಡ್ ಮಾಡೋದು ಹೇಗೆ?

ಪ್ರಶ್ನೆ: ನನ್ನ ಚಿಕ್ಕಮ್ಮ 1978ರಲ್ಲಿ ನರ್ಸ್ ಆಗಿ ಕುವೈತ್‌ಗೆ ಹೋದವರು. 1990ರ ಯುದ್ಧದಲ್ಲಿ ಎಲ್ಲ ಬಿಟ್ಟು ಊರಿಗೆ ಬಂದರು. ಆಮೇಲೆ ಕೆನಡಾಕ್ಕೆ ಹೋಗಿ ಅಲ್ಲೇ ನೆಲೆಸಿದರು. ಡಿಸೆಂಬರ್‌ನಲ್ಲಿ ಬರುತ್ತಾರೆ, ಅವರ ಕಥೆ ದಾಖಲಿಸುವ ಆಸೆ ನನಗೆ. ಮನೆಯಲ್ಲಿ ಅವರು ಕಳಿಸಿದ ಏರೋಗ್ರಾಮ್ (ವಿಮಾನ ಅಂಚೆ ಪತ್ರ), ಫೋಟೊ, ಒಂದು ಡಬ್ಬ ಕ್ಯಾಸೆಟ್ ಇವೆ. ಮೊಬೈಲ್ ಸಾಕಾ? ಅವರದು ಕೊಂಕಣಿ, ಮಕ್ಕಳಿಗೆ ಅದು ಅಷ್ಟಕ್ಕಷ್ಟೆ. ಅಮ್ಮ ಬೇರೆ ‘ಯುದ್ಧದ ವಿಷಯ ಕೆದಕಬೇಡ’ ಅನ್ನುತ್ತಾರೆ. — ಓದುಗರು, ಶಿರ್ವ

ಉತ್ತರ: ಮೊಬೈಲ್ ಧಾರಾಳ ಸಾಕು. ತೊಂದರೆ ಬರೋದು ಪ್ರಶ್ನೆಗಳಲ್ಲಿ.

ನಮ್ಮ ಕಡೆ ಇಂಥ ಕಥೆ ಬರೆಯುವವರಿಗೆ ಎರಡೇ ವಿಷಯ ಬೇಕು: ಹೊರಟ ದಿನದ ಕಣ್ಣೀರು, ಕೊನೆಗೆ ಕಟ್ಟಿಸಿದ ಮನೆ. ನಡುವಿನ ವರ್ಷಗಳು ಕಾಣೆ. ಆದರೆ ಒಬ್ಬರು ಪರದೇಶದಲ್ಲಿ ನೆಲೆಸಿದ್ದು ಆ ವರ್ಷಗಳಲ್ಲೇ ಅಲ್ವಾ? ಯುದ್ಧದ ಕಥೆ ಪತ್ರಿಕೆಯಲ್ಲೂ ಸಿಗುತ್ತದೆ. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತ್‌ಗೆ ನುಗ್ಗಿತು. ಬಹಳಷ್ಟು ಭಾರತೀಯರು ಬಸ್ಸಿನಲ್ಲಿ ಬಾಗ್ದಾದ್ ಮೂಲಕ ಜೋರ್ಡಾನ್‌ನ ಅಮ್ಮಾನ್ ತಲುಪಿದರು. ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಮುಂಬೈಗೆ ಬಂದರು. ಹಾಗೆ ಬಂದವರು ಸುಮಾರು 1 ಲಕ್ಷ 70 ಸಾವಿರ. ಇಷ್ಟನ್ನು ಯಾರು ಬೇಕಾದರೂ ಹೇಳಬಹುದು. ಆ ಬಸ್ಸಿನಲ್ಲಿ ನಿಮ್ಮ ಚಿಕ್ಕಮ್ಮನ ಚೀಲದಲ್ಲಿ ಏನಿತ್ತು, ನರ್ಸಿಂಗ್ ಸರ್ಟಿಫಿಕೇಟ್ ಜೊತೆಗಿತ್ತಾ ಅನ್ನೋದನ್ನು ಅವರೇ ಹೇಳಬೇಕು.

ಸರ್ಟಿಫಿಕೇಟ್ ಬಗ್ಗೆ ತಪ್ಪದೆ ಕೇಳಿ. ಕೆನಡಾದಲ್ಲಿ ಹೊರಗಿನಿಂದ ಬಂದ ನರ್ಸ್ ಆಯಾ ಪ್ರಾಂತ್ಯದ ನೋಂದಣಿ ಆಗದೆ ಆ ಕೆಲಸ ಮಾಡುವಂತಿಲ್ಲ. ಕುವೈತ್‌ನಲ್ಲಿ ವಾರ್ಡ್ ನೋಡಿಕೊಂಡವರು ಅಲ್ಲಿ ನೋಂದಣಿ ಆಗುವವರೆಗೆ ಏನು ಮಾಡಿದರು? ಮನೆಗೆ ಬರೆದ ಪತ್ರದಲ್ಲಿ ಅದನ್ನು ಹೇಳಿದ್ದರಾ, ಮುಚ್ಚಿಟ್ಟಿದ್ದರಾ?

‘ಕಷ್ಟ ಆಯ್ತಾ?’ ಅಂದರೆ ‘ಹೌದಪ್ಪ’ ಅಂತ ಮಾತು ಮುಗಿಯುತ್ತದೆ. ಬದಲಿಗೆ ಹೀಗೆ ಕೇಳಿ: ಏರ್‌ಪೋರ್ಟ್‌ನಿಂದ ಹೊರಗೆ ಬಂದಾಗ ಮೈಮೇಲೆ ಯಾವ ಬಟ್ಟೆ ಇತ್ತು? ಮೊದಲ ರಾತ್ರಿ ಎಲ್ಲಿ ಮಲಗಿದಿರಿ? ಕುಚ್ಚಲಕ್ಕಿ ಎಲ್ಲಿ ಸಿಕ್ಕಿತು? ಮೊದಲ ಸಂಬಳದಲ್ಲಿ ಊರಿಗೆ ಬಂದದ್ದೆಷ್ಟು, ಯಾರ ಹೆಸರಿಗೆ? ಸಾಡಾ ಎಂಬ ಡಿಜಿಟಲ್ ಸಂಗ್ರಹ 2008ರಿಂದ ಅಮೆರಿಕದಲ್ಲಿ ನೆಲೆಸಿದ ದಕ್ಷಿಣ ಏಷ್ಯಾದವರ ನೆನಪುಗಳನ್ನು ಕೂಡಿಡುತ್ತಿದೆ. ಅವರ ಒಂದು ಯೋಜನೆ ನಡೆಯೋದೇ ‘ಅಲ್ಲಿ ನಿಮ್ಮ ಮೊದಲ ದಿನ ಹೇಗಿತ್ತು’ ಎಂಬ ಪ್ರಶ್ನೆಯ ಮೇಲೆ. ಚಿಕ್ಕಮ್ಮ ಇಸವಿ ತಪ್ಪು ಹೇಳಿದರೆ ನಡುವೆ ತಿದ್ದಬೇಡಿ, ಪಾಸ್‌ಪೋರ್ಟ್ ಸೀಲು ನೋಡಿ ಆಮೇಲೆ ಬರೆದುಕೊಳ್ಳಿ. ಸುಮ್ಮನಾದರೆ ನೀವೂ ಸ್ವಲ್ಪ ಸುಮ್ನಿರಿ. ಒಳ್ಳೆಯ ಮಾತು ಹೆಚ್ಚಾಗಿ ಆ ಮೌನದ ನಂತರವೇ ಬರುತ್ತದೆ.

ಟೈಲ್ಸ್ ಹಾಕಿದ ಚಾವಡಿ ಬೇಡ, ದನಿ ಗೋಡೆಗೆ ಬಡಿದು ಮೊಳಗುತ್ತದೆ. ಹಾಸಿಗೆ, ಪರದೆ ಇರುವ ಮಲಗುವ ಕೋಣೆ ಒಳ್ಳೆಯದು. ಫ್ಯಾನ್ ಬಂದ್ ಮಾಡಿ (ಡಿಸೆಂಬರ್ ಆದರೂ ಸೆಕೆ, ಗೊತ್ತು), ಅಡುಗೆಮನೆಗೆ ಒಂದು ಗಂಟೆ ಕುಕ್ಕರ್ ಇಡಬೇಡಿ ಅನ್ನಿ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಟವೆಲ್ ಮೇಲೆ ಅವರಿಂದ ಒಂದು ಮೊಳ ದೂರ ಇಡಿ. ಫೈಲನ್ನು ವಾಟ್ಸಾಪ್ ವಾಯ್ಸ್ ಮೆಸೇಜ್ ಆಗಿ ಕಳಿಸಬೇಡಿ, ಧ್ವನಿ ಹಿಂಡಿಹೋಗುತ್ತದೆ. ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಕೆನಡಾದ ಮಕ್ಕಳ ಹತ್ತಿರ.

ಮಕ್ಕಳಿಗಾಗಿ ಚಿಕ್ಕಮ್ಮನಿಂದ ಇಂಗ್ಲಿಷ್ ಆಡಿಸಬೇಡಿ. ಕೊಂಕಣಿಯಲ್ಲೇ ಹೇಳಲಿ. ಎಷ್ಟನೇ ನಿಮಿಷದಲ್ಲಿ ಯಾವ ವಿಷಯ ಬಂತು ಅಂತ ಇಂಗ್ಲಿಷ್‌ನಲ್ಲಿ ಒಂದು ಪಟ್ಟಿ ಮಾಡಿಕೊಟ್ಟರೆ ಮಕ್ಕಳಿಗೆ ಸಾಕು.

ಇನ್ನು ಕ್ಯಾಸೆಟ್. ಪತ್ರ ಬರೆಯುವ ಬದಲು ಮಾತಾಡಿ ಕಳಿಸುತ್ತಿದ್ದ ಕಾಲದವು ಇರಬೇಕು. ನಿಮ್ಮಲ್ಲಿರೋದರಲ್ಲಿ ಅತಿ ಬೆಲೆಯದು ಅದೇ, ಯಾಕೆಂದರೆ ಅಂದಿನ ಚಿಕ್ಕಮ್ಮ ಅಂದೇ ಹೇಳಿದ್ದು. ಮೊದಲು ಬೆಳಕಿಗೆ ಹಿಡಿದು ಕ್ಯಾಸೆಟ್‌ನ ಪುಟ್ಟ ಕಿಟಕಿಯಲ್ಲಿ ನೋಡಿ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಸ್ಟು. ನಮ್ಮ ಮಳೆಗಾಲಕ್ಕೆ ಇದು ಮಾಮೂಲು. ಅಂಥದ್ದನ್ನು ಪ್ಲೇಯರ್‌ಗೆ ಹಾಕಲೇಬೇಡಿ, ಬೂಸ್ಟು ಉಳಿದ ಕ್ಯಾಸೆಟ್‌ಗಳಿಗೂ ಅಂಟುತ್ತದೆ. ಬೇರೆ ಚೀಲದಲ್ಲಿಟ್ಟು, ಟೇಪ್ ಶುಚಿ ಮಾಡಲು ಗೊತ್ತಿರುವವರಿಗೇ ಕೊಡಿ. ಚೆನ್ನಾಗಿರುವವುಗಳ ಮೇಲಂಚಿನ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಡಿ, ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸಿಹೋಗುವುದಿಲ್ಲ. ಆಮೇಲೆ ಪ್ಲೇಯರ್‌ನಿಂದ ಕಂಪ್ಯೂಟರ್‌ಗೆ ಕೇಬಲ್ ಕೊಟ್ಟು ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ವೇವ್ (ಧ್ವನಿಯನ್ನು ಹಿಂಡದ) ಫೈಲ್ ಮಾಡಿಕೊಳ್ಳಿ. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೊ ಆದರೆ ಗಂಟೆಗೆ ಸುಮಾರು 1 ಜಿಬಿ.

ಒಂದು ವಿಷಯ ಗಮನಿಸಿ: ನಿಮ್ಮಲ್ಲಿರೋದು ಚಿಕ್ಕಮ್ಮ ಕಳಿಸಿದ್ದು ಮಾತ್ರ. ಊರಿಂದ ಅಜ್ಜಿ ಕಳಿಸಿದ್ದು ಅವರ ಹತ್ತಿರ ಇರಬೇಕಿತ್ತು. ಅವು 1990ರಲ್ಲಿ ಕುವೈತ್‌ನಲ್ಲೇ ಉಳಿದವಾ? ಕೇಳಿ.

ಫೋಟೊ ಲ್ಯಾಮಿನೇಟ್ ಮಾಡಿಸಬೇಡಿ, ದಯವಿಟ್ಟು. ಶಾಖಕ್ಕೆ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು. 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಹಿಂದೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಹೆಸರು ಬರೆಯಿರಿ. ಹರಿದ ಏರೋಗ್ರಾಮ್‌ಗೆ ಸೆಲ್ಲೋಟೇಪ್ ಬೇಡ.

ಅಮ್ಮನ ಮಾತಿಗೆ ಬೆಲೆ ಕೊಡಿ. ಆದರೆ ಯುದ್ಧದ ವಿಷಯ ಹೇಳಬೇಕಾ ಬೇಡವಾ ಅನ್ನೋದು ಚಿಕ್ಕಮ್ಮನಿಗೆ ಬಿಟ್ಟದ್ದು. ಮೊದಲ ಸಲ ಕೂತಾಗ ಅದನ್ನು ಎತ್ತಲೇಬೇಡಿ. ಅವರಾಗಿ ಎತ್ತಿದರೆ ಕೇಳಿ, ಸಾಕು ಅಂದರೆ ರೆಕಾರ್ಡರ್ ನಿಲ್ಲಿಸಿ. ಯಾವ ಭಾಗ ಯಾರು ಕೇಳಬಹುದು, ಯಾವುದು ಅವರ ಕಾಲದ ನಂತರ ಮಾತ್ರ ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ವೀಸಾ, ಏಜೆಂಟ್, ಸಾಲದ ಕಥೆಗಳಲ್ಲಿ ಬೇರೆಯವರ ಹೆಸರೂ ಬರುತ್ತದೆ, ನೆನಪಿರಲಿ.

ಮನೆಯ ಹೊರಗೂ ಒಂದು ಪ್ರತಿ ಉಳಿಯಲಿ ಅಂತ ಅವರಿಗೆ ಅನಿಸಿದರೆ, ಹ್ಯಾಲಿಫ್ಯಾಕ್ಸ್‌ನ ಪಿಯರ್ 21ರಲ್ಲಿರುವ ಕೆನಡಾದ ವಲಸೆ ಮ್ಯೂಸಿಯಂ ಇಂಥ ಮೌಖಿಕ ಕಥನಗಳನ್ನು ಸಂಗ್ರಹಿಸುತ್ತದೆ. ಊರಲ್ಲಾದರೆ ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ ನೋಡಿ. ಎಲ್ಲೇ ಆದರೂ ಕೊಡುವುದು ಪ್ರತಿ ಮಾತ್ರ, ಮೂಲ ಮನೆಯಲ್ಲೇ ಇರಲಿ.