‘ಕಂಪ್ಯೂಟರಿನಲ್ಲಿ ಕೋಟಿ ಅಣುಗಳು’: ಲೇಖಕರಿಗೆ ಒಂದು ಉತ್ತರ

ನಮಸ್ಕಾರ. ಔಷಧ ಹುಡುಕಾಟಕ್ಕೆ ಕಂಪ್ಯೂಟರಿನಲ್ಲಿ ಅಣುಗಳ ಲೈಬ್ರರಿ, ಅಂದರೆ ತುಂಡುಗಳನ್ನು ಬಗೆಬಗೆಯಾಗಿ ಜೋಡಿಸಿ ಆಗುವ ಅಣುಗಳ ಸಂಗ್ರಹ, ಕಟ್ಟುವುದರ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕಂಪ್ಯೂಟರ್ ಎಷ್ಟು ವೇಗ ಎಂದು ಆರು ಪ್ಯಾರಾ ಬರೆದಿದ್ದೀರಿ. ಅದಕ್ಕೆ ಕೆಮಿಸ್ಟ್ ಏನು ಕೊಡುತ್ತಾರೆ ಅನ್ನುವುದಕ್ಕೆ ಒಂದು ಸಾಲೂ ಇಲ್ಲ.

ಮೊದಲು ‘ಸಂಯೋಜನಾತ್ಮಕ ರಾಸಾಯನಿಕ ಗ್ರಂಥಾಲಯ’ ತೆಗೆಯಿರಿ. ಓದುಗರು ಅದರಲ್ಲಿ ಪುಸ್ತಕ ಹುಡುಕುತ್ತಾರೆ. ಲ್ಯಾಬಿನಲ್ಲಿ ಎಲ್ಲರೂ ಲೈಬ್ರರಿ ಅಂತಲೇ ಅನ್ನುತ್ತಾರೆ, ಹಾಗೇ ಇರಲಿ.

‘ಕೋಟಿ’ ಬಿಟ್ಟು ಒಂದು ಚಿಕ್ಕ ಲೈಬ್ರರಿ ಹಿಡಿಯಿರಿ. ಬರ್ಕ್ಲಿಯಲ್ಲಿ ಜೊನಾಥನ್ ಎಲ್ಮನ್ ತಂಡ 1994ರಲ್ಲಿ ಪ್ರಕಟಿಸಿದ ಬೆಂಜೊಡಯಜೆಪೀನ್ (ಆತಂಕ, ನಿದ್ದೆಯ ಮದ್ದುಗಳ ಕುಟುಂಬ) ಲೈಬ್ರರಿ ಸಾಕು: 2 ಅಮೈನೋಬೆಂಜೊಫೀನೋನ್, 12 ಅಮೈನೋ ಆಮ್ಲ, 8 ಆಲ್ಕೈಲೇಟಿಂಗ್ ಏಜೆಂಟ್. ಮೂರನ್ನೂ ಕೂಡಿದರೆ ಬಾಟಲಿ 22, ಗುಣಿಸಿದರೆ ಅಣು 192. ಕಂಪ್ಯೂಟರಿನಲ್ಲಿ ಆ 192ನ್ನೂ ಬರೆದಿಡಬೇಕಿಲ್ಲ. ನಡುವಿನ ಚೌಕಟ್ಟು ಒಂದು, ಪಕ್ಕದ ತುಂಡುಗಳ ಪಟ್ಟಿ ಮೂರು. ಇದಕ್ಕೇ ಮಾರ್ಕುಶ್ ರಚನೆ ಅನ್ನುವುದು. ನೀವು ಅದನ್ನು ಸಾಫ್ಟ್‌ವೇರ್ ಅಂದಿದ್ದೀರಿ. ಯೂಜೀನ್ ಮಾರ್ಕುಶ್ 1924ರಲ್ಲಿ ಅಮೆರಿಕದಲ್ಲಿ ಹೀಗೆ ಬರೆದೇ ಬಣ್ಣಗಳಿಗೆ ಪೇಟೆಂಟ್ ಪಡೆದವರು. ಆಗ ಕಂಪ್ಯೂಟರೇ ಇರಲಿಲ್ಲ. ಈ ಬರವಣಿಗೆಯ ಲಾಭ ಕಾಣುವುದು ಪಟ್ಟಿ ಬೆಳೆದಾಗ. ಸಾವಿರದಂತೆ ಮೂರು ಪಟ್ಟಿ ಇದ್ದರೆ ಅಣು 100 ಕೋಟಿ, ಬರೆದಿಡಬೇಕಾದ ತುಂಡು ಮೂರೇ ಸಾವಿರ.

ಇಡ್ಲಿ, ದೋಸೆ, ವಡೆಗೆ ಮೂರು ಚಟ್ನಿಯ ನಿಮ್ಮ ಹೋಲಿಕೆ ಚೆನ್ನಾಗಿದೆ, ಉಳಿಸಿಕೊಳ್ಳಿ. ಆದರೆ ಇಡ್ಲಿ ಯಾವ ಚಟ್ನಿಯನ್ನೂ ಬೇಡ ಅನ್ನುವುದಿಲ್ಲ, ರಾಸಾಯನಿಕ ಅನ್ನುತ್ತದೆ. ಮೇಲಿನ ಲೈಬ್ರರಿಯಲ್ಲಿ ಅಮೈನೋ ಆಮ್ಲವಾಗಿ ಗ್ಲೈಸೀನ್ ಹಾಕಿದರೆ ಅದರ ಪಕ್ಕದ ಸರಪಳಿಯ ಜಾಗಕ್ಕೆ ಬರೀ ಹೈಡ್ರೋಜನ್ ಬರುತ್ತದೆ, ಅಲನೀನ್ ಹಾಕಿದರೆ ಮೀಥೈಲ್. ಪ್ರೋಲೀನ್ ಹಾಕಿ ನೋಡಿ. ಅದರ ಪಕ್ಕದ ಸರಪಳಿ ತನ್ನದೇ ನೈಟ್ರೋಜನ್‌ಗೆ ಸುತ್ತಿಕೊಂಡಿದೆ, ಒಂದು ಖಾಲಿ ಜಾಗದಲ್ಲಿ ಕೂರುವುದಿಲ್ಲ. ಆ ನೈಟ್ರೋಜನ್ ಮೇಲೆ ಇರುವುದು ಒಂದೇ ಹೈಡ್ರೋಜನ್, ಹಾಗಾಗಿ ಅಮೈನೋಬೆಂಜೊಫೀನೋನ್‌ನ ಕೀಟೋನ್ ಜೊತೆ ಇಮೀನ್ (ಕಾರ್ಬನ್-ನೈಟ್ರೋಜನ್ ಜೋಡಿಬಂಧ) ಆಗಿ ಉಂಗುರ ಮುಚ್ಚುವುದೂ ಇಲ್ಲ. ತುಂಡು ಜೋಡಿಸುವ ಪ್ರೋಗ್ರಾಂಗೆ ಇದು ಗೊತ್ತಾಗದು, ಏನೋ ಒಂದು ಬರೆದುಕೊಡುತ್ತದೆ. ಕ್ರಿಯೆಯನ್ನೇ ನಿಯಮವಾಗಿ ಬರೆದುಕೊಟ್ಟರೆ ಅದೇ ತಡೆಯುತ್ತದೆ. ಲೇಖನದ ಜೀವ ಇಲ್ಲಿದೆ, ಒಂದು ಪುಟ ಕೊಡಿ.

ನಿಯಮವನ್ನೂ ಸಡಿಲವಾಗಿ ಬರೆಯಬಾರದು. ‘ಹೈಡ್ರೋಜನ್ ಇರುವ ನೈಟ್ರೋಜನ್’ ಎಂದಷ್ಟೇ ಹೇಳಿದರೆ ನಿಕೋಟಿನಮೈಡ್ ಕೂಡ ಅಮೈನ್ (ಆಮ್ಲದ ಜೊತೆ ಜೋಡಿಯಾಗುವ ನೈಟ್ರೋಜನ್ ತುಂಡು) ಪಟ್ಟಿಗೆ ನುಗ್ಗುತ್ತದೆ. ಅಮೈಡ್ ನೈಟ್ರೋಜನ್, ಅಂದರೆ ಆಗಲೇ ಆಮ್ಲದ ತುಂಡಿಗೆ ಅಂಟಿಕೊಂಡದ್ದು, ಬೇಡ ಎಂದು ಬಿಡಿಸಿ ಹೇಳಬೇಕು. ಕ್ಯಾಟಲಾಗಿನಿಂದ ತಂದ ಪಟ್ಟಿಯಲ್ಲಿ ಹೈಡ್ರೋಕ್ಲೋರೈಡ್ ಲವಣಗಳಿರುತ್ತವೆ, ಕ್ಲೋರೈಡ್ ಮೊದಲೇ ಕಳಚಿಡಿ. ಅಣುವನ್ನು ಅಕ್ಷರಗಳ ಸಾಲಾಗಿ ಬರೆಯುವ ಸ್ಮೈಲ್ಸ್‌ನಲ್ಲಿ ಎಥನಾಲನ್ನು ಸಿ-ಸಿ-ಓ ಎಂದೂ ಬರೆಯಬಹುದು, ಓ-ಸಿ-ಸಿ ಎಂದೂ ಬರೆಯಬಹುದು. ಎಲ್ಲವನ್ನೂ ಒಂದೇ ಕ್ರಮಕ್ಕೆ ತರದೆ ಎಣಿಸಿದರೆ ಒಂದೇ ಅಣು ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ನಿಮ್ಮ ಮೂರನೇ ಪುಟದ ಅಣುತೂಕದ ಲೆಕ್ಕ ತಪ್ಪಿದೆ. ಬೆಂಜೋಯಿಕ್ ಆಮ್ಲ 122, ಬೆಂಜೈಲಮೈನ್ 107 ಸೇರಿಸಿ 229 ಅಂದಿದ್ದೀರಿ. ಅಮೈಡ್ ಆಗುವಾಗ ನೀರು ಹೋಗುತ್ತದೆ, 18 ಕಳೆಯಿರಿ: 211. ತೂಕ 500 ದಾಟಿದರೆ ಔಷಧವೇ ಅಲ್ಲ ಅನ್ನುವ ಸಾಲೂ ಹೋಗಲಿ. ಲಿಪಿನ್‌ಸ್ಕಿ ನಿಯಮ ಬಾಯಿಂದ ನುಂಗಿದ ಮದ್ದು ಮೈಗೆ ಹತ್ತುವ ಸಾಧ್ಯತೆಯ ಬಗ್ಗೆ ಮಾತ್ರ. ಅಂಗ ಕಸಿಯಾದವರಿಗೆ ಕೊಡುವ, ತೂಕ 1,200 ದಾಟಿದ ಸೈಕ್ಲೋಸ್ಪೋರಿನನ್ನೂ ಜನ ನುಂಗುತ್ತಾರೆ.

ಆಯ್ಕೆಯ ಭಾಗದಲ್ಲಿ ‘ಅತ್ಯುತ್ತಮ 96 ಆರಿಸಿದರಾಯಿತು’ ಎಂದು ಮುಗಿಸಿದ್ದೀರಿ. 8 ಅಮೈನ್, 12 ಆಮ್ಲ ಇಟ್ಟು ಎಲ್ಲವನ್ನೂ ಎಲ್ಲದರ ಜೊತೆ ಜೋಡಿಸಿದರೆ 20 ಬಾಟಲಿಯಲ್ಲಿ 96 ಗುಳಿಯ ಪ್ಲೇಟು ತುಂಬುತ್ತದೆ. ನೂರು ಅಮೈನ್, ನೂರು ಆಮ್ಲದ ಹತ್ತು ಸಾವಿರ ಜೋಡಿಗಳಿಂದ ಅಲ್ಲೊಂದು ಇಲ್ಲೊಂದು ಹೆಕ್ಕಿದರೆ 192 ಬಾಟಲಿವರೆಗೂ ಬೇಕಾಗಬಹುದು. ಆ ಖರ್ಚು, ಆ ತೂಗಾಟ ಯಾರದು?

ತಿದ್ದಿ 1,200 ಪದದೊಳಗೆ ಕಳಿಸಿ. ಪ್ಲೇಟಿನ ಚಿತ್ರ ಪೆನ್ಸಿಲಿನಲ್ಲಿ ಗೀಚಿದರೂ ನಡೆದೀತು, ಇಲ್ಲಿ ಬರೆಸಿಕೊಳ್ಳುತ್ತೇವೆ.